ಒಂಬತ್ತು ಬುಡ್ಡಿಗಳ ಡಾಕ್ಟರು

ಬಸ್ಸು ಹಳ್ಳದಲ್ಲಿ ಸಿಕ್ಕಿಬೀಳಬಹುದಿತ್ತು. ಅದು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು, ಏರು ಬಂದರೆ ನಾವೇ ಇಳಿದು ನೂಕಬೇಕಿತ್ತು. ಒಂಬತ್ತು ಬುಡ್ಡಿಗಳ ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ಇಳಿದರೆ ಯಾರಾದರೂ ಅದರ ಮೇಲೆ ಕೂತುಬಿಡಬಹುದಿತ್ತು, ಕೈಯಲ್ಲಿ ಹಿಡಿದೇ ಇಳಿದರೆ ಎರೆಮಣ್ಣಿನಲ್ಲಿ ಕಾಲು ಹೂತು ನಾನೇ ಬೋರಲು ಬೀಳಬಹುದಿತ್ತು. ಬಿಸಿಲಿಗೆ ರಬ್ಬರ್ ಬಿರಡೆಗಳು ಸಡಿಲಾಗಿ ಸ್ಪಿರಿಟ್ಟು ಆರಿಹೋಗಬಹುದಿತ್ತು. ಆರದಿದ್ದರೆ ಅದರ ವಾಸನೆಗೆ ಪಾನನಿಷೇಧದ ಪೊಲೀಸರು ನನ್ನನ್ನು ಇಳಿಸಿಕೊಳ್ಳಬಹುದಿತ್ತು. ಅವರು ಬಿಟ್ಟರೂ ಹೊಳೆಯಾಚೆ ನಿಜಾಮರ ಸೀಮೆಯ ಗಲಾಟೆ ನೋಡಿಕೊಂಡಿದ್ದ ಇನ್ನೊಂದು ತರಹದ ಪೊಲೀಸರು ಬುಡ್ಡಿಗಳನ್ನು ಬಾಂಬು ಎಂದುಕೊಳ್ಳಬಹುದಿತ್ತು. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಪಾರ್ಸೆಲ್ಲು ಮದರಾಸಿನ ಬದಲು ಬೊಂಬಾಯಿಗೆ ಹೋಗಬಹುದಿತ್ತು. ಮದರಾಸಿಗೇ ಹೋದರೂ ಪ್ರೊಫೆಸರರು ರಜೆಯ ಮೇಲಿದ್ದು, ಅವರ ಜವಾನ ಅದನ್ನು ಉಪ್ಪಿನಕಾಯಿ ಎಂದು ಭಾವಿಸಿ ಮನೆಯೊಳಗೆ ಕಳಿಸಬಹುದಿತ್ತು.

ಇವನ್ನೆಲ್ಲ ನಾನು ಒಂದು ಹಾಳೆಯ ಬೆನ್ನಿಗೆ ಬರೆದಿಟ್ಟುಕೊಂಡಿದ್ದೆ. ಒಂದೊಂದಕ್ಕೂ ಎದುರಿಗೆ ಪರಿಹಾರ ಬರೆದಿದ್ದೆ. ಅದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿರಲಿಲ್ಲ. ಅದು ಎಷ್ಟು ಸಣ್ಣದೆಂದರೆ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಹೇಳಲು ನನಗೆ ಹದಿನೇಳು ವರ್ಷ ಹಿಡಿಯಿತು.

ಹೋದ ತಿಂಗಳು ಡಾಕ್ಟರು ತೀರಿಕೊಂಡ ಸುದ್ದಿ ಕಾರ್ಡಿನಲ್ಲಿ ಬಂತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಸಂಶೋಧನೆಯ ಕೆಳಗೆ ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆ ಅವರಿಗೆ ಒಂದು ಕಾಲಕ್ಕೆ ಇತ್ತು. ಅದು ಆಗದಂತೆ ನೋಡಿಕೊಂಡವನು ನಾನು. ಈಗ ನಾನೇ ಮುಂದೆ ನಿಂತು ಅಚ್ಚು ಹಾಕಿಸಿದರೆ ಚೆನ್ನಾಗಿರುವುದಿಲ್ಲ.

ಆಗ ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ರೈಟರಾಗಿದ್ದೆ. ಸ್ವಾತಂತ್ರ್ಯ ಬಂದ ಹೊಸತು. ನಾವಿನ್ನೂ ಮದರಾಸಿನ ಕೆಳಗೇ ಇದ್ದೆವು. ನನಗೆ ಇಪ್ಪತ್ತೆಂಟು ವಯಸ್ಸು, ಆದರೆ ಚಿಂತೆಯಲ್ಲಿ ಆಗಲೇ ಐವತ್ತು ದಾಟಿದ್ದೆ. ನನ್ನಲ್ಲಿದ್ದ ಒಂದೇ ಗುಣ ಕೈಬರಹ. ಮೇಲಿನ ಆಫೀಸಿನಿಂದ ಬಂದವರು ನಮ್ಮ ರಿಜಿಸ್ಟರು ತೆರೆದರೆ ಮೊದಲು ಅಕ್ಷರ ನೋಡಿ ತಲೆದೂಗುತ್ತಿದ್ದರು, ಆಮೇಲೆ ತಪ್ಪುಗಳನ್ನು ಹುಡುಕುತ್ತಿದ್ದರು. ಆ ತಲೆದೂಗುವಿಕೆಯ ಮೇಲೆ ನಾನು ಎಷ್ಟೋ ತಿಂಗಳು ಬದುಕಿದ್ದೇನೆ.

ಡಾಕ್ಟರು ಹೊಸದಾಗಿ ವರ್ಗವಾಗಿ ಬಂದ ದಿನ ನನ್ನ ಮೇಜಿನ ಮುಂದೆ ನಿಂತು, ಮಾತಾಡುತ್ತ ಮಾತಾಡುತ್ತ ಪೆನ್ಸಿಲ್ ಕೆಳಗೆ ಬೀಳಿಸಿದರು. ನಾನು ಬಗ್ಗಿ, ಕುಕ್ಕರಗಾಲಿನಲ್ಲಿ ಕೂತು, ಮೇಜಿನಡಿಯಿಂದ ಅದನ್ನು ಎತ್ತಿ, ಎದ್ದು ನಿಂತು ಕೊಟ್ಟೆ. ಅವರು ಪೆನ್ಸಿಲ್ ತೆಗೆದುಕೊಳ್ಳದೆ ನನ್ನ ಮೊಣಕಾಲನ್ನೇ ನೋಡುತ್ತಿದ್ದರು.

"ಮಾಂಸ ಚಲೋ ಐತಿ ರೈಟರಪ್ಪಾ ನಿಮ್ಮದು. ಧೈರ್ಯ ಒಂದು ಕಡಿಮಿ," ಎಂದರು.

ಅವರ ಪರೀಕ್ಷೆಯೇ ಅದು. ಮನುಷ್ಯ ನೆಲದಿಂದ ಹೇಗೆ ಏಳುತ್ತಾನೆ ಎನ್ನುವುದರಲ್ಲಿ ಅವನ ಮಾಂಸಖಂಡದ ಜಾತಕವೆಲ್ಲ ಇದೆ ಎಂದು ಅವರು ನಂಬಿದ್ದರು. ಗಟ್ಟಿಯಾದವನು ಹಾಗೇ ಎದ್ದು ನಿಲ್ಲುತ್ತಾನೆ. ಮಾಂಸ ಸೋಲುತ್ತಿರುವವನು ಮೊದಲು ನೆಲಕ್ಕೆ ಕೈಯೂರುತ್ತಾನೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ. ತನ್ನ ಕಾಲನ್ನೇ ಏಣಿ ಮಾಡಿಕೊಂಡು ತನ್ನ ಮೇಲೆ ತಾನೇ ಹತ್ತುತ್ತಾನೆ. ಇದಕ್ಕಾಗಿ ಡಾಕ್ಟರು ಎಲ್ಲಿ ಹೋದರೂ ಪೆನ್ಸಿಲ್ ಬೀಳಿಸುತ್ತಿದ್ದರು. ಬಸ್‌ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಒಮ್ಮೆ ಒಂದು ಮದುವೆಯಲ್ಲಿ ಬೀಗರ ಮುಂದೆಯೂ. ಮದರಾಸಿನಿಂದ ತಪಾಸಣೆಗೆ ಬಂದಿದ್ದ ದಪ್ಪನೆಯ ಅಧಿಕಾರಿಯ ಮುಂದೆ ಬೀಳಿಸಿದಾಗ ಆತ ಅದನ್ನು ಬೂಟಿನಿಂದ ಆಚೆ ತಳ್ಳಿದ. ಆತ ಹೋದ ಮೇಲೆ ಡಾಕ್ಟರು ಬೇಸರದಿಂದ, ಆ ಮನುಷ್ಯನ ಬಗ್ಗೆ ನಮಗೆ ಏನೂ ಗೊತ್ತಾಗಲಿಲ್ಲವಲ್ಲ ಎಂದರು. ನನಗೆ ಸಾಕಷ್ಟು ಗೊತ್ತಾಗಿತ್ತು.

ಡಾಕ್ಟರು ತೆಳ್ಳಗೆ, ಉದ್ದಕ್ಕೆ, ಬಿಸಿಲಿಗೂ ಮಳೆಗೂ ಒಂದೇ ಕೊಡೆ. ಆದವಾನಿಯ ಕಡೆಯವರು, ಮನೆಮಾತು ತೆಲುಗು. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು, ಆದರೆ ಮನಸ್ಸಿಗೆ ಬಹಳ ಹತ್ತಿರವಾದ ಮಾತು ತಾನಾಗಿ ತೆಲುಗಿಗೆ ಹೊರಳುತ್ತಿತ್ತು. ಸಿಟ್ಟು ಬಂದದ್ದನ್ನು ನಾನು ನೋಡಲಿಲ್ಲ. ಕತ್ತಿಯ ವಿಷಯದಲ್ಲಿ ಮಾತ್ರ ಹಟ. ಮಾಂಸದ ಚೂರು ತೆಗೆಯುವ ಸಣ್ಣ ಕತ್ತಿ ಎಷ್ಟು ಹರಿತವಿದ್ದರೂ ಅವರಿಗೆ ಸಾಲದು. ಕೊನೆಗೆ ಗಾಂಧಿನಗರದ ಕಡೆಯ ಒಬ್ಬ ಕ್ಷೌರಿಕನ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಸರದಿಯಲ್ಲಿ ಕೂತು, ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುವುದನ್ನು ಕಲಿತು ಬಂದರು. ಒಬ್ಬ ಡಾಕ್ಟರು ಹೀಗೆ ಮಾಡಬಹುದೇ, ಯಾರಾದರೂ ಮೇಲೆ ಬರೆದು ಹಾಕಿದರೆ ಗತಿಯೇನು ಎಂದು ನಾನು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಯಾರೂ ಬರೆಯಲಿಲ್ಲ.

ಆಸ್ಪತ್ರೆಯ ಉಗ್ರಾಣದ ಹಿಂದಿನ ಕೋಣೆಯಲ್ಲಿ ಅವರ ಸ್ವಂತದ ಸೂಕ್ಷ್ಮದರ್ಶಕವಿತ್ತು. ಹಗಲಿನ ಕೆಲಸ ಮುಗಿದ ಮೇಲೆ ಸಂಜೆಯ ಬೆಳಕು ಇರುವಷ್ಟು ಹೊತ್ತು ಅದರ ಮುಂದೆ. ಒಮ್ಮೆ ನನ್ನನ್ನೂ ಕರೆದು ನೋಡಿಸಿದರು. ಗುಲಾಬಿ ಬಣ್ಣದ ಎಳೆಗಳು ಒತ್ತೊತ್ತಾಗಿ ಕಂಡವು, ಎಳೆಗಳ ಅಂಚಿನಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆಗಳು.

"ಊಟಕ್ಕ ಪಂಕ್ತಿ ಕುಂತಾಗ ಮಂದಿ ಗೋಡಿಗೆ ಹತ್ತಿ ಕುಂದ್ರತಾರಲ್ಲ, ಹಂಗ," ಎಂದರು. "ಒಂದೊಂದು ಚುಕ್ಕಿನೂ ಒಂದು ಕೋಶಕೇಂದ್ರ. ಚಲೋ ಮಾಂಸದಾಗ ಎಲ್ಲಾ ಗೋಡಿಗೆ. ಈಗ ಇದನ್ನ ನೋಡ್ರಿ."

ಗಾಜು ಬದಲಿಸಿದರು. ಎಳೆಗಳು ಒಂದು ದಪ್ಪ, ಒಂದು ಸಣ್ಣ. ಚುಕ್ಕೆಗಳು ಗೋಡೆ ಬಿಟ್ಟು ಅಂಗಳದ ನಡುವೆ ಬಂದು ನಿಂತಿದ್ದವು. ಪಂಕ್ತಿಯಲ್ಲಿ ಜಗಳವಾದಂತೆ.

ಯಾಕೆ ಹೀಗಾಗುತ್ತದೆ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ದಾಖಲೆ ಪುಸ್ತಕದಲ್ಲಿ ಆ ಜಾಗವನ್ನು ಖಾಲಿ ಬಿಡಲೇ ಎಂದು ಕೇಳಿದೆ. "ಯಾಕ ಖಾಲಿ? ಗೊತ್ತಿಲ್ಲ ಅಂತ ಬರೀರಿ. ಅದೂ ಒಂದು ಸಂಗತಿನ," ಎಂದರು. ಆ ಪುಸ್ತಕದಲ್ಲಿ ಆ ಸಂಗತಿ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ.

ಪುಸ್ತಕದ ಎಡ ಪುಟ ಅವರದು, ಪೆನ್ಸಿಲಿನಲ್ಲಿ. ಬಲ ಪುಟ ನನ್ನದು. ಅವರ ಬರಹವನ್ನು ನಾನು ಮಸಿಯಲ್ಲಿ ಶುದ್ಧ ಪ್ರತಿ ಮಾಡಬೇಕು. ಯುದ್ಧದ ಕೊರತೆ ಇನ್ನೂ ತೀರಿರಲಿಲ್ಲ. ಆಫೀಸಿಗೆ ಬರುತ್ತಿದ್ದದ್ದು ನೀರಲ್ಲಿ ಕಲಸುವ ನೇರಳೆ ಪುಡಿಯ ಮಸಿ. ನನ್ನ ಬಲಗೈಯ ಎರಡು ಬೆರಳು ಸದಾ ನೇರಳೆ ಹಣ್ಣು ತಿಂದವನ ನಾಲಿಗೆಯಂತಿರುತ್ತಿದ್ದವು. ಮೊದಲ ದಿನವೇ ಅವರು ಹತ್ತು ಸೂಚನೆ ಕೊಟ್ಟಿದ್ದರು. ಅದರಲ್ಲಿ ಒಂದು, ಬುಡ್ಡಿಯೊಳಗೆ ಹೋಗುವ ಚೀಟಿಗೆ ಪೆನ್ಸಿಲ್ಲು, ಪುಸ್ತಕದೊಳಗೆ ಹೋಗುವುದಕ್ಕೆ ಮಸಿ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಳಿದ ಒಂಬತ್ತು ಸೂಚನೆಗಳನ್ನು ಮರೆತರೆ ಏನಾದೀತು ಎಂಬ ಚಿಂತೆಯಲ್ಲಿ ನಾನಿದ್ದೆ. ಮಸಿಯ ಮಿತವ್ಯಯ ಇರಬೇಕು ಎಂದುಕೊಂಡೆ.

ಕುರುಗೋಡಿನ ಆ ಮನೆಯನ್ನು ಹುಡುಕಿಕೊಟ್ಟದ್ದೂ ಪೆನ್ಸಿಲ್ಲೇ. ಹೊರರೋಗಿಗಳ ಸಾಲಿನಲ್ಲಿದ್ದ ಈರಮ್ಮ ಎಂಬ ಮೂವತ್ತರ ಹೆಂಗಸಿನ ಮುಂದೆ ಅದು ಬಿತ್ತು. ಆಕೆ ಎತ್ತಿಕೊಡಲು ಕೂತಳು. ಮೇಲೇಳಲು ತನ್ನ ತೊಡೆಯ ಮೇಲೆ ತಾನು ಹತ್ತಿದಳು. ಡಾಕ್ಟರು ಮರುದಿನದಿಂದ ಭಾನುವಾರಗಳನ್ನು ಕುರುಗೋಡಿಗೆ ಬರೆದುಕೊಟ್ಟರು. ಜೊತೆಗೆ ನನ್ನ ಭಾನುವಾರಗಳನ್ನೂ.

ಈರಮ್ಮನ ಮನೆಯವರು ಮೂರು ತಲೆಮಾರಿನಿಂದ ಸಿರುಗುಪ್ಪದ ಒಂದು ಮನೆಯ ಜೊತೆ ಹೆಣ್ಣು ಕೊಟ್ಟು ತಂದು ಮಾಡುತ್ತಿದ್ದರು. ಸೋದರಮಾವನಿಗೆ ಸೊಸೆ, ಅತ್ತೆಯ ಮಗನಿಗೆ ಮಾವನ ಮಗಳು. ಈ ಎರಡು ಮನೆಗಳಲ್ಲಿ ಕೂಡಿ ನಾಲ್ವರಿಗೆ ಅದೇ ಸೋಲು. ಇಪ್ಪತ್ತೈದರವರೆಗೆ ಎಲ್ಲರಂತೆ ಓಡಾಡಿ, ಆಮೇಲೆ ಮೆಟ್ಟಿಲು ಕಷ್ಟ, ಆಮೇಲೆ ಕೊಡ ಎತ್ತುವುದು ಕಷ್ಟ, ಆಮೇಲೆ ಏಳುವುದೇ ಕಷ್ಟ. ಡಾಕ್ಟರ ಪ್ರಶ್ನೆ ಒಂದೇ ಆಗಿತ್ತು. ಸೋಲು ಹೊರಗೆ ಕಾಣುವ ಮೊದಲೇ ಕೋಶಕೇಂದ್ರಗಳು ಗೋಡೆ ಬಿಟ್ಟು ನಡುವಿಗೆ ಬಂದಿರುತ್ತವೆಯೇ? ಬಂದಿರುತ್ತವೆ ಎಂದಾದರೆ, ಯಾರಿಗೆ ಬರಲಿದೆ ಎಂದು ಮೊದಲೇ ಹೇಳಬಹುದು. ಅದಕ್ಕೆ ಕಾಯಿಲೆಯ ನಾಲ್ವರದೂ, ಗಟ್ಟಿಯಾಗಿದ್ದ ಐವರದೂ ಮಾಂಸದ ಚೂರು ಬೇಕಿತ್ತು.

ಗಟ್ಟಿಯಾಗಿದ್ದ ಐವರಲ್ಲಿ ಈರಮ್ಮನ ತಂಗಿ ಹಂಪಮ್ಮ ಒಬ್ಬಳು. ಹತ್ತೊಂಬತ್ತು ವಯಸ್ಸು, ಬಾಯಿ ಜೋರು. ಸುಗ್ಗಿ ಮುಗಿದ ಮೇಲೆ ಅವಳನ್ನು ಸಿರುಗುಪ್ಪದ ಸೋದರಮಾವನಿಗೆ ಕೊಡುವುದೆಂದು ಮಾತಾಗಿತ್ತು. ಡಾಕ್ಟರು ಕಟ್ಟೆಯ ಮೇಲೆ ಕೂತು, ಹುಣಸೆ ಬೀಜದ ಅರ್ಧದಷ್ಟು ಚೂರು, ಮರಗಟ್ಟಿಸಿ ತೆಗೆಯುತ್ತೇನೆ, ನೋವಾಗುವುದಿಲ್ಲ ಎಂದು ಎಲ್ಲರಿಗೂ ತಿಳಿಸಿ ಹೇಳಿದಾಗ, ಬಾಗಿಲ ಹಿಂದಿನಿಂದ ಅವಳ ದನಿ ಬಂತು.

"ಅಷ್ಟು ಸಸಾರ ಇದ್ರ ಮೊದಲು ನಿಮ್ಮದ ತಗೀರಲ್ಲ."

ಡಾಕ್ಟರು ಪಂಚೆ ಸರಿಸಿ ತೊಡೆಯ ಮೇಲಿನ ಹಳೆಯ ಗಾಯದ ಗುರುತು ತೋರಿಸಿದರು. ತಮ್ಮದನ್ನು ಮದರಾಸಿನಲ್ಲಿ ಗೆಳೆಯನೊಬ್ಬನಿಗೆ ಕೊಟ್ಟು ಬಂದಾಗಿದೆ ಎಂದರು.

"ಹಂಗಾರ ರೈಟರಪ್ಪಂದು?" ಎಂದಳು ಹಂಪಮ್ಮ.

ಅಂಗಳದವರೆಲ್ಲ ನನ್ನ ಕಡೆ ತಿರುಗಿದರು. ಬಸ್ಸಿನ ಹೊತ್ತಾಯಿತೇನೋ ನೋಡಿ ಬರುತ್ತೇನೆಂದು ನಾನು ಎದ್ದೆ. ಬಸ್ಸಿಗೆ ಇನ್ನೂ ಮೂರು ತಾಸಿತ್ತು. ಅವರು ನಗುವುದು ಓಣಿಯ ಕೊನೆಯವರೆಗೂ ಕೇಳಿಸಿತು. ಆ ನಗೆಯಲ್ಲೇ ಅವರು ಒಪ್ಪಿದರು ಎಂದು ಡಾಕ್ಟರು ಆಮೇಲೆ ಹೇಳಿ, ನನ್ನ ಹೆದರಿಕೆಯಿಂದ ವಿಜ್ಞಾನಕ್ಕೆ ದೊಡ್ಡ ಉಪಕಾರವಾಯಿತೆಂದು ಬೆನ್ನು ತಟ್ಟಿದರು.

ಆದರೆ ಮನೆಯ ಹಿರಿಯ, ಹುಡುಗಿಯರ ದೊಡ್ಡಪ್ಪ, ಒಂದು ಷರತ್ತು ಹಾಕಿದ. ಒಮ್ಮೆ ಮಾತ್ರ. ಡಾಕ್ಟರು ಒಪ್ಪಿ, ಎರಡನೇ ಸಲ ಕತ್ತಿ ಹಿಡಿದು ಈ ಅಂಗಳಕ್ಕೆ ಬರುವುದಿಲ್ಲ ಎಂದು ಮಾತು ಕೊಟ್ಟರು. ಈರಮ್ಮ ಇನ್ನೊಂದು ಮಾತು ಕೇಳಿದಳು. ತನ್ನದು ಏನಾದರೂ ಆಗಲಿ, ತಂಗಿಯದನ್ನು ಮದುವೆಗೆ ಮೊದಲು ಹೇಳಬೇಕು. ಅದಕ್ಕೂ ಡಾಕ್ಟರು ಮಾತು ಕೊಟ್ಟರು.

ಹೀಗೆ ಕುರುಗೋಡಿನಲ್ಲಿ ಐದು, ಸಿರುಗುಪ್ಪದಲ್ಲಿ ನಾಲ್ಕು, ಒಟ್ಟು ಒಂಬತ್ತು ಚೂರು ಒಂಬತ್ತು ಬುಡ್ಡಿಗಳಲ್ಲಿ ಸ್ಪಿರಿಟ್ಟಿನೊಳಗೆ ಮುಳುಗಿದವು. ಇಂಜೆಕ್ಷನ್ನಿನ ಖಾಲಿ ಬುಡ್ಡಿಗಳು, ಎಲ್ಲ ಒಂದೇ ತರಹ. ಡಾಕ್ಟರು ಒಂದೊಂದು ಚೀಟಿಗೂ ಪೆನ್ಸಿಲಿನಲ್ಲಿ ಹೆಸರು ಬರೆದು ಒಳಗೇ ಹಾಕಿದ್ದರು. ಹೊರಗೆ ಅಂಟಿಸಿದ ಚೀಟಿ ಬಿದ್ದುಹೋಗುತ್ತದೆ, ಒಳಗಿದ್ದದ್ದು ಎಲ್ಲಿಗೆ ಹೋಗುತ್ತದೆ ಎನ್ನುತ್ತಿದ್ದರು. ಅಷ್ಟು ಸಣ್ಣ ಚೂರನ್ನು ಹಾಳೆಯಷ್ಟು ತೆಳ್ಳಗೆ ಕೊಯ್ಯುವ ಯಂತ್ರ ಬಳ್ಳಾರಿಯಲ್ಲಿರಲಿಲ್ಲ. ಬುಡ್ಡಿಗಳು ಮದರಾಸಿನ ಪ್ರೊಫೆಸರರಿಗೆ ಹೋಗಬೇಕಿತ್ತು. ಆ ಹೊತ್ತಿಗೆ ಹೊಳೆಸಾಲಿನಲ್ಲಿ ಕಾಲರಾ ಕಾಣಿಸಿ ಡಾಕ್ಟರು ಸಿರುಗುಪ್ಪದಲ್ಲೇ ಸೂಜಿಮದ್ದು ಹಾಕುತ್ತ ಉಳಿದರು. ಪೆಟ್ಟಿಗೆ ನನ್ನ ಕೈಗೆ ಬಂತು.

ಅದನ್ನು ನಾನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಳ್ಳಾರಿಗೆ ತಂದೆ. ಬಸ್ಸು ಹಳ್ಳ ದಾಟಿತು, ಪೊಲೀಸರು ಕೈಬೀಸಿ ಬಿಟ್ಟರು, ಬಿರಡೆಗಳು ಗಟ್ಟಿಯಾಗಿದ್ದವು. ಮರುದಿನ ಮಧ್ಯಾಹ್ನ, ಆಫೀಸಿನಲ್ಲಿ, ಪಾರ್ಸೆಲ್ಲು ಕಟ್ಟಬೇಕೆಂದು ಕೂತವನು ಬುಡ್ಡಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದೆ. ಪೆನ್ಸಿಲಿನ ಅಕ್ಷರ ಮಸುಕಾಗಿ ಕಂಡಿತು. ಈಗಲೇ ಹೀಗಿದ್ದರೆ, ಮದರಾಸಿನವರೆಗೆ ರೈಲು ಕುಲುಕಿ ಕುಲುಕಿ ಉಜ್ಜಿ ಅಳಿಸಿಹೋದರೆ? ಪಟ್ಟಿಗೆ ಇನ್ನೊಂದು ಸೇರಿತು. ಜೊತೆಗೆ, ಪೆನ್ಸಿಲಿನಲ್ಲಿ ಬರೆದದ್ದು ಸರ್ಕಾರಿ ಆಫೀಸಿನಲ್ಲಿ ಕಚ್ಚಾ. ಅಷ್ಟು ದೊಡ್ಡ ಪ್ರೊಫೆಸರರ ಮೇಜಿಗೆ ಕಚ್ಚಾ ಚೀಟಿ ಹೋಗುವುದೇ? ಅಲ್ಲಿಯವರು ಕೂಡ ತಲೆದೂಗಲಿ ಎನ್ನುವ ಒಂದು ಆಸೆಯೂ ಇತ್ತು. ಅದನ್ನು ಆಗ ನಾನು ನನಗೇ ಹೇಳಿಕೊಂಡಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಒಳ್ಳೆಯ ಕಾಗದ ಕತ್ತರಿಸಿ, ಒಂಬತ್ತು ಹೆಸರನ್ನೂ ನೇರಳೆ ಮಸಿಯಲ್ಲಿ ಮುತ್ತು ಪೋಣಿಸಿದಂತೆ ಬರೆದೆ. ಚೆನ್ನಾಗಿ ಒಣಗಿಸಿದೆ. ಚಿಮಟದಿಂದ ಹಳೆಯ ಚೀಟಿ ತೆಗೆದು ಹೊಸದನ್ನು ಹಾಕಿದೆ. ಹಳೆಯವನ್ನು ಬುಟ್ಟಿಗೆ ಎಸೆದೆ. ಬಳ್ಳಾರಿಯ ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಮೊಳೆ ಹೊಡೆದು, ಸ್ಟೇಷನ್ನಿಗೆ ನಾನೇ ಹೋಗಿ ಕೊಟ್ಟು ಬಂದೆ. ಆ ದಿನ ನಿಶ್ಚಿಂತೆಯಿಂದ ಉಂಡೆ. ನನ್ನ ಬದುಕಿನಲ್ಲಿ ಅಂಥ ಊಟಗಳು ಕಡಿಮೆ.

ಮೂರು ವಾರಕ್ಕೆ ಪ್ರೊಫೆಸರರ ಕಾಗದ ಬಂತು. ಡಾಕ್ಟರು ನನ್ನ ಮೇಜಿನ ಪಕ್ಕದಲ್ಲೇ ನಿಂತು ಓದಿದರು. ಓದುತ್ತ ಮೊದಲು ಮುಖ ಅರಳಿತು. ಒಂಬತ್ತರಲ್ಲಿ ಐದು ಚೂರುಗಳಲ್ಲಿ ಕೋಶಕೇಂದ್ರಗಳು ನಡುವಿಗೆ ಬಂದಿವೆ ಎಂದು ಬರೆದಿತ್ತು. ಕಾಯಿಲೆಯವರು ನಾಲ್ವರು, ಕೆಟ್ಟ ಚೂರು ಐದು. ಅಂದರೆ ಗಟ್ಟಿಯಾಗಿ ಓಡಾಡುತ್ತಿರುವ ಐವರಲ್ಲಿ ಒಬ್ಬರಿಗೆ ಅದು ಒಳಗೆ ಶುರುವಾಗಿದೆ. ಡಾಕ್ಟರು ಊಹಿಸಿದ್ದು ಸರಿ. ಅವರ ಇಷ್ಟು ವರ್ಷದ ದಾಖಲೆ ಪುಸ್ತಕಕ್ಕೆ ಅದೇ ಕಿರೀಟ. ಆಮೇಲೆ ಹಾಳೆ ತಿರುವಿದರು. ಅಲ್ಲಿಂದ ಅವರ ಕಣ್ಣು ಕೆಳಗೆ ಇಳಿಯಲಿಲ್ಲ.

"ಸ್ಪಿರಿಟ್ಟು ನೇರಳೆ ಬಣ್ಣ ಆಗಿತ್ತಂತ," ಎಂದರು. "ಚೀಟಿ ಎಲ್ಲಾ ಬೆಳ್ಳಗ ಅದಾವಂತ. ಯಾವುದು ಯಾರದಂತ ಕೇಳ್ಯಾರ."

ಪೆನ್ಸಿಲ್ ಸ್ಪಿರಿಟ್ಟಿಗೆ ಜಗ್ಗುವುದಿಲ್ಲ, ಮಸಿ ಕರಗಿ ಹೋಗುತ್ತದೆ. ಕಾರಣ ಅಷ್ಟೇ.  ನನ್ನ ಕೈ ಮೇಜಿನ ಮೇಲಿತ್ತು. ಡಾಕ್ಟರು ಆ ಎರಡು ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನಗೆ ಅನಿಸಿತು. ಆಮೇಲೆ "ಪೋನೀಲೆಂಡಿ" ಎಂದರು. ತೆಲುಗಿನಲ್ಲಿ, ಹೋಗಲಿ ಬಿಡಿ ಎಂದು. ಕಾಗದ ಮಡಿಸಿ ಕೋಣೆಗೆ ಹೋದರು.

ಸಂಜೆ ಪುಸ್ತಕ ನನ್ನ ಮೇಜಿಗೆ ಬಂತು. ಎಡ ಪುಟದಲ್ಲಿ ಪೆನ್ಸಿಲಿನ ಇಂಗ್ಲಿಷಿನಲ್ಲಿ ಎರಡು ವಾಕ್ಯ. ಚೀಟಿಗಳು ಓದಲು ಬಾರದಂತಾಗಿವೆ, ಐದನೆಯವರು ಯಾರೆಂದು ಗೊತ್ತಿಲ್ಲ. ಕಳಿಸುವ ಮುನ್ನ ನಾನೇ ನೋಡಬೇಕಿತ್ತು, ತಪ್ಪು ನನ್ನದು. ನಾನು ಅದನ್ನು ಬಲ ಪುಟದಲ್ಲಿ ಶುದ್ಧ ಪ್ರತಿ ಮಾಡಿದೆ. ತಪ್ಪು ನನ್ನದು ಎಂದು ನನ್ನದೇ ಅಕ್ಷರದಲ್ಲಿ, ನೇರಳೆ ಮಸಿಯಲ್ಲಿ, ಅಂದವಾಗಿ ಬರೆದೆ. ಕೆಳಗೆ ಅವರು ಸಹಿ ಮಾಡಿದರು.

ಆ ಭಾನುವಾರ ಕುರುಗೋಡಿಗೆ ಹೋದೆವು. ನನಗೆ ಜ್ವರ ಬಂದಿದೆ ಎನ್ನಬೇಕೆಂದಿದ್ದೆ, ಆದರೆ ಡಾಕ್ಟರ ಮುಂದೆ ಜ್ವರ ನಡೆಯುವುದಿಲ್ಲ. ಕಟ್ಟೆಯ ಮೇಲೆ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಡಾಕ್ಟರು ಏನನ್ನೂ ಮುಚ್ಚದೆ ಹೇಳಿದರು. ಒಂಬತ್ತರಲ್ಲಿ ಐದು. ನಾಲ್ವರು ಗೊತ್ತಿರುವವರು. ಐದನೆಯದು ಉಳಿದ ಐವರಲ್ಲಿ ಒಬ್ಬರದು. ಚೀಟಿ ಕೆಟ್ಟಿತು, ತಪ್ಪು ತಮ್ಮದು. ಒಪ್ಪಿದರೆ ಇನ್ನೊಮ್ಮೆ ತೆಗೆಯಬಹುದು.

"ಒಮ್ಮಿ ಅಂದಿದ್ರಿ, ಸಾಹೇಬ್ರ," ಎಂದ ದೊಡ್ಡಪ್ಪ.

"ಹೌದು. ಅಂದಿದ್ದೆ."

ಅಷ್ಟಕ್ಕೇ ಅದು ಮುಗಿಯಿತು. ಇಬ್ಬರೂ ಮಾತಿಗೆ ತಪ್ಪದ ಮನುಷ್ಯರು. ಆ ಕ್ಷಣದಲ್ಲಿ ಒಬ್ಬನಾದರೂ ಸ್ವಲ್ಪ ಕಡಿಮೆ ದೊಡ್ಡ ಮನುಷ್ಯನಾಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಕಡಿಮೆಯವನು ಒಬ್ಬ ಅಲ್ಲಿ ಇದ್ದ, ಆದರೆ ಅವನು ಬಾಯಿ ಬಿಡಲಿಲ್ಲ.

ಈರಮ್ಮ ಕಂಬ ಹಿಡಿದು ನಿಂತಿದ್ದಳು. "ನಮ್ಮ ಹಂಪವ್ವಂದು ಏನ್ರಿ?" ಎಂದಳು.

"ಗೊತ್ತಿಲ್ಲವ್ವಾ."

ಹಂಪಮ್ಮ ಈ ಸಲ ಬಾಗಿಲ ಹಿಂದೆ ಇರಲಿಲ್ಲ. ಎದುರಿಗೇ ಬಂದು ನಿಂತು ಡಾಕ್ಟರ ಮುಖವನ್ನೇ ನೋಡಿದಳು. ಡಾಕ್ಟರು ಕಣ್ಣು ಕೆಳಗೆ ಮಾಡಿದರು. ಅವಳಿಗೆ ಕಂಡದ್ದು ಅಷ್ಟು. ಆ ಕಣ್ಣು ಇಳಿದು ಎಲ್ಲಿ ನಿಂತಿತು ಎಂದು ಗೊತ್ತಿದ್ದವನು ನಾನೊಬ್ಬನೇ. ಕಟ್ಟೆಯ ಮೇಲೆ ಊರಿದ್ದ ನನ್ನ ಬೆರಳುಗಳ ಮೇಲೆ. ನಾನು ಕೈಯನ್ನು ಪಂಚೆಯ ಕೆಳಗೆ ಎಳೆದುಕೊಂಡೆ.

ಹಂಪಮ್ಮನ ಮದುವೆ ನಿಂತಿತು. ಸಿರುಗುಪ್ಪದವರು ಬೇಡ ಎಂದರೋ ಇವರೇ ಬೇಡ ಎಂದರೋ ಸರಿಯಾಗಿ ತಿಳಿಯಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಹೆಸರಿಲ್ಲದ ಚೂರುಗಳಿಂದ ಪ್ರಬಂಧ ಆಗುವುದಿಲ್ಲ ಎಂದು ಪ್ರೊಫೆಸರರು ಬರೆದರು. ಡಾಕ್ಟರು ಪುಸ್ತಕ ನಿಲ್ಲಿಸಲಿಲ್ಲ, ಹೊಸ ರೋಗಿಗಳನ್ನು ಹುಡುಕಿದರು, ಪೆನ್ಸಿಲ್ ಬೀಳಿಸಿದರು. ಒಂದು ಮಾತ್ರ ಬದಲಾಯಿತು. ಬುಡ್ಡಿಯ ಕೆಲಸ ಪೂರ್ತಿ ಅವರೇ ಮಾಡತೊಡಗಿದರು. ನನಗೆ, "ನೀವು ಪೆನ್ಸಿಲ್ಲು ಚೂಪು ಮಾಡಿ ಕೊಡ್ರಿ ಸಾಕು," ಎಂದರು. ಅದರಲ್ಲಿ ಕುಟುಕು ಇತ್ತೇ ಎಂದು ನಾನು ಎಷ್ಟೋ ದಿನ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಬಳ್ಳಾರಿ ಮೈಸೂರಿಗೆ ಸೇರುತ್ತದೆ ಎಂಬ ಮಾತು ಎದ್ದ ವರ್ಷ ಅವರಿಗೆ ಕರಾವಳಿ ಆಂಧ್ರದ ಕಡೆ ವರ್ಗವಾಯಿತು. ಸ್ಟೇಷನ್ನಿಗೆ ಕಳಿಸಲು ಹೋದೆ. ಹೇಳಿಬಿಡಬೇಕೆಂದು ಮನೆಯಿಂದ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಈ ಗಾಡಿಗೆ ಏನೇನು ಆಗಬಹುದಂತ ಪಟ್ಟಿ ಮಾಡೀರೇನ್ರಿ?" ಎಂದರು. ಮಾಡಿದ್ದೆ. ಜೇಬಿನಲ್ಲೇ ಇತ್ತು. ನಾನು ನಕ್ಕೆ. ನಗುತ್ತಿರುವಾಗ ಗಾಡಿ ಹೊರಟಿತು, ಮತ್ತು ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹಾಯೆನಿಸಿತು.

ವರ್ಷಕ್ಕೆ ಒಂದು ಕಾರ್ಡು ಬರುತ್ತಿತ್ತು. ಅದರಲ್ಲಿ ಒಂದೇ ಪ್ರಶ್ನೆ, ಕುರುಗೋಡಿನವರು ಹೇಗಿದ್ದಾರೆ. ಉತ್ತರ ಬರೆಯಲು ನಾನು ವರ್ಷಕ್ಕೊಮ್ಮೆ ಕುರುಗೋಡಿಗೂ ಸಿರುಗುಪ್ಪಕ್ಕೂ ಹೋಗುತ್ತಿದ್ದೆ. ಐವರೂ ಹೇಗೆ ಏಳುತ್ತಾರೆ ಎಂದು ನೋಡಿ ಬರುವುದೇ ನನ್ನ ಯಾತ್ರೆ. ಐವರಲ್ಲಿ ಸಿರುಗುಪ್ಪದ ಒಬ್ಬ ಹೆಂಗಸು, ಈರಮ್ಮ ಹಂಪಮ್ಮರ ಚಿಕ್ಕಮ್ಮ, ಎರಡನೇ ವರ್ಷವೇ ಕಾಲರಾದಲ್ಲಿ ಹೋದಳು. ಉಳಿದ ನಾಲ್ವರು ಗಟ್ಟಿಯಾಗೇ ಇದ್ದರು. ಅಂದರೆ ಐದನೆಯವಳು ಅವಳೇ ಇರಬಹುದು. ಇರಲಿಕ್ಕಿಲ್ಲ. ಡಾಕ್ಟರು ಹೇಳುತ್ತಿದ್ದಂತೆ ಬರೆಯಬೇಕೆಂದರೆ, ಗೊತ್ತಿಲ್ಲ.

ಸಾವಿನ ಕಾರ್ಡು ಬಂದ ಮೇಲೆ ಕುರುಗೋಡಿಗೆ ಹೋದೆ. ಹಂಪಮ್ಮ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದಳು. ಅವಳಿಗೀಗ ಮೂವತ್ತಾರು. ಬೆಳಗ್ಗೆ ಅಕ್ಕನನ್ನು ಹೊತ್ತು ತಂದು ಬಿಸಿಲಿಗೆ ಮಲಗಿಸುವುದು, ಬಿಸಿಲು ಏರಿದ ಮೇಲೆ ಮತ್ತೆ ಹೊತ್ತು ಒಳಗೆ ಒಯ್ಯುವುದು ಅವಳೇ. ಈರಮ್ಮ ಕೈ ಕೂಡ ಎತ್ತಲಾರಳು. ನನ್ನನ್ನು ನೋಡಿದವಳೇ ಹಂಪಮ್ಮ ಮೊರ ಪಕ್ಕಕ್ಕಿಟ್ಟಳು.

"ಬರ್ರಿ ರೈಟರಪ್ಪಾ. ಪೆನ್ಸಿಲ್ಲು ಬೀಳಸ್ತೀರೋ, ಹಂಗ ಎದ್ದು ತೋರಸಲೋ?"

ಎದ್ದು ನಿಂತಳು. ನೆಲಕ್ಕೆ ಕೈಯೂರಲಿಲ್ಲ, ಮೊಣಕಾಲು ಮುಟ್ಟಲಿಲ್ಲ. ನೀರು ತಂದಳು. ಡಾಕ್ಟರು ಹೋದರು ಎಂದೆ. ತಂಬಿಗೆ ನನ್ನ ಕೈಗೆ ಕೊಟ್ಟು ಮತ್ತೆ ಕಟ್ಟೆಯ ಮೇಲೆ ಕೂತಳು.

"ಭಾಳ ಕರುಣಿ ಇತ್ತು ಆ ಮನಿಷ್ಯಾಗ," ಎಂದಳು. "ನಂದ ಅದು ಅಂತ ಗೊತ್ತಿದ್ರೂ ಹೇಳಲಿಲ್ಲ. ಕಣ್ಣು ಕೆಳಗ ಹಾಕಿದ್ರಲ್ಲ ಅವತ್ತು, ಅವಾಗ ನನಗ ತಿಳೀತು. ಅದಕ್ಕ ಮದಿವಿ ನಾನ ಒಲ್ಲೆ ಅಂದೆ. ಈ ರೋಗಾನ ಮಾವನ ಕೊರಳಿಗ್ಯಾಕ ಕಟ್ಟಬೇಕು? ಈಗ ಬರತೈತಿ, ಬರೋ ವರ್ಷ ಬರತೈತಿ ಅಂತ ಕಾಯಾಕ ಹತ್ತೀನಿ. ಇನ್ನೂ ಬರವಲ್ದು."

ನಾನು ತಂಬಿಗೆ ಕೆಳಗಿಟ್ಟೆ. ಹದಿನೇಳು ವರ್ಷ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಮೊದಲು ಬಸ್ಸು, ಹಳ್ಳ, ಪೊಲೀಸರು, ಗುಂತಕಲ್ಲು ಎಂದು ಏನೇನೋ ಹೇಳಿದೆ. ಅವಳು ಕಾದಳು. ಆಮೇಲೆ ಉಳಿದದ್ದನ್ನು ಹೇಳಿದೆ.

"ಅಂದ್ರ ಖರೇನ ಗೊತ್ತಿರಲಿಲ್ಲೇನು ಅವರಿಗೆ?"

"ಇರಲಿಲ್ಲವ್ವಾ."

ಅವಳು ನನ್ನ ಬೆರಳುಗಳನ್ನು ನೋಡಿದಳು. ಅವು ಈಗ ಎಲ್ಲರ ಬೆರಳಿನಂತೆಯೇ ಇವೆ.

"ಪೆನ್ಸಿಲ್ಲು ತಗದು ಮಸೀಲೆ ಬರದ್ರಿ," ಎಂದಳು. "ಅಷ್ಟ?"

ಅಷ್ಟೇ.